ಪದ್ದಣ್ಣನ ಮರ ಯಾವುದು?

ಹೊರಡುವ ಮುನ್ನ

ಮಲೆನಾಡಿಗೆ ಹೋಗಿ ಬರುತ್ತೇನೆ ಎಂದದ್ದೇ ತಡ, ಬಯಲುಸೀಮೆಯ ಇಂಡಿ ಊರಿನ ನಮ್ಮ ಓಣಿಯ ಹೆಂಗಸರು ನನ್ನನ್ನು ಲಂಡನ್ನಿಗೆ ಕಳಿಸುವವರ ಹಾಗೆ ಸಜ್ಜು ಮಾಡಿದರು. ಒಬ್ಬಳು ಉಪ್ಪಿನ ಪೊಟ್ಟಣ ತಂದಳು, ಕಾಲಿಗೆ ಜಿಗಣೆ ಹತ್ತಿದರೆ ಉದುರಿಸಲಿಕ್ಕೆ. ಇನ್ನೊಬ್ಬಳು ಮಗನ ರೇನ್‌ಕೋಟು ತಂದಳು. ಎದುರು ಮನೆಯ ಶಾಂತವ್ವ ಖಡಕ್ ರೊಟ್ಟಿಯ ದೊಡ್ಡ ಗಂಟನ್ನೇ ಹೊತ್ತು ಬಂದಳು. “ಅಲ್ಲಿ ಮಂದಿ ಮೂರೂ ಹೊತ್ತು ಅಕ್ಕೀನ ತಿಂತಾರಂತ. ನೀ ಹೆಂಗ ಬದುಕ್ತಿ ನಮ್ಮವ್ವ!” ಎಂದು ಗಲ್ಲಕ್ಕೆ ಕೈ ಹಚ್ಚಿದಳು. ಪಾಸ್‌ಪೋರ್ಟೊಂದು ಬೇಕಾಗಲಿಲ್ಲ. ಅದೊಂದು ಬಿಟ್ಟರೆ ನಮ್ಮ ಕಡೆಯವರಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಂದರೆ ಪರದೇಶವೇ ಸೈ.

ನಾನು ಹೊರಟಿದ್ದು ಊರು ನೋಡಲಿಕ್ಕಲ್ಲ, ಪದ್ದಣ್ಣನನ್ನು ನೋಡಲಿಕ್ಕೆ. ಪದ್ಮನಾಭ ಎಂಬುದು ಪೂರ್ತಿ ಹೆಸರು. ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಅವರು ದಿನಾ ವ್ಯಂಗ್ಯಚಿತ್ರ ಬರೆಯುತ್ತಿದ್ದರು, ನಾನು ಪುಟ ಕಟ್ಟುತ್ತಿದ್ದೆ. ಅವರ ಚಿತ್ರ ಬರುವುದು ಯಾವಾಗಲೂ ತಡ. ಮುಖಪುಟದ ಮೂಲೆಯಲ್ಲಿ ಖಾಲಿ ಚೌಕ ಬಿಟ್ಟುಕೊಂಡು ನಾನು ಹಲ್ಲು ಕಡಿಯುತ್ತ ಕೂತಿರುತ್ತಿದ್ದೆ. ಅವರು ಕಿಟಕಿಯಲ್ಲಿ ನಿಂತು ಹೊರಗೆ ಯಾವುದೋ ಹಕ್ಕಿ ನೋಡುತ್ತಿರುತ್ತಿದ್ದರು. ಬೈದರೆ, “ಗೌರಕ್ಕ, ಮಂತ್ರಿ ನಾಳೇನೂ ಇರ್ತಾನೆ. ಈ ಹಕ್ಕಿ ಇರಲ್ಲ” ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮ ವಿಭಾಗದ ಫ್ಯಾನಿನ ಬಟ್ಟಲಲ್ಲಿ ಗುಬ್ಬಿ ಗೂಡು ಕಟ್ಟಿತು. ಪದ್ದಣ್ಣ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿದರು: ‘ಬಾಣಂತಿ ಕೋಣೆ. ಗಾಳಿ ಹಾಕಬಾರದು.’ ಹುಬ್ಬಳ್ಳಿಯ ಬೇಸಿಗೆ ಅದು, ಸುಮ್ಮನೆ ಅಲ್ಲ! ಮರಿ ಹಾರಿಹೋಗುವ ತನಕ ಸಂಪಾದಕರಿಂದ ಹಿಡಿದು ಎಲ್ಲರೂ ಕರಡಚ್ಚಿನ ಹಾಳೆಯಲ್ಲಿ ಗಾಳಿ ಬೀಸಿಕೊಂಡೆವು. ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಯಾವಾಗಲೂ ಬೀಜಗಳಿರುತ್ತಿದ್ದವು. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ತೂರುವುದು ಅವರ ಚಟ. ಮಳೆಗಾಲದಲ್ಲಿ ಒಮ್ಮೆ ಕಚೇರಿಯ ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಲ್ಲೇ ಮೊಳಕೆ ಬಂದಿತ್ತು.

ಅವರ ಪ್ರತಿ ಚಿತ್ರದ ಮೂಲೆಯಲ್ಲೂ ಒಂದು ಪುಟ್ಟ ಪ್ರಾಣಿಯೋ ಹಕ್ಕಿಯೋ ಕೂತು ದೊಡ್ಡ ಮನುಷ್ಯರನ್ನು ನೋಡುತ್ತಿರುತ್ತಿತ್ತು. ಓದುಗರು ಮೊದಲು ಅದನ್ನು ಹುಡುಕಿ, ಆಮೇಲೆ ಮಂತ್ರಿಯ ಕಡೆ ಕಣ್ಣು ಹಾಯಿಸುತ್ತಿದ್ದರು. ಒಂದು ದಿನ ಮರೆತಿದ್ದಕ್ಕೆ ಫೋನೋ ಫೋನು. “ಇವತ್ತ ಹಕ್ಕಿ ಎಲ್ಲಿ ಹೋತ್ರಿ?” ಎಂದು ಒಬ್ಬರು ಜಗಳಕ್ಕೇ ಬಂದರು. “ಮೊಟ್ಟೆ ಇಡಕ್ಕೆ ಹೋಗಿದೆ, ನಾಳೆ ಬರುತ್ತೆ” ಎಂದು ಪದ್ದಣ್ಣ ಫೋನಿಟ್ಟರು.

ನಿವೃತ್ತರಾದ ಮೇಲೆ ತೀರ್ಥಹಳ್ಳಿಯ ಹತ್ತಿರ ಹೆಂಡತಿ ಸುಲೋಚನಕ್ಕನ ಕಡೆಯಿಂದ ಬಂದ ಬೋಳು ಗುಡ್ಡವೊಂದರಲ್ಲಿ ಗಿಡ ನೆಡುತ್ತ ಕೂತರು. ಗುಡ್ಡ ಅರ್ಧ ಹಸಿರಾಗುವಷ್ಟರಲ್ಲಿ ಹೋಗಿಬಿಟ್ಟರು. ಹೋಗುವ ಮುಂಚೆ ಹೆಂಡತಿಗೆ ಹೇಳಿದ್ದರಂತೆ: “ನನ್ನ ಬೂದಿ ತುಂಗೆಗೆ ಬಿಡ್ಬೇಡ. ಮೀನಿಗೆ ಕಾರ್ಟೂನ್ ಅರ್ಥ ಆಗಲ್ಲ. ಒಂದು ಗುಂಡಿಗೆ ಹಾಕಿ ಮೇಲೊಂದು ಗಿಡ ನೆಡು.” ಹಾಗೇ ಮಾಡಿದರು. ಚುನಾವಣೆಯ ಗದ್ದಲದಲ್ಲಿ ನನಗೆ ರಜೆ ಸಿಗಲಿಲ್ಲ, ಹೋಗಲಾಗಲಿಲ್ಲ.

ಈಗ, ಇಷ್ಟು ವರ್ಷಗಳ ಮೇಲೆ, ನಾನೂ ನಿವೃತ್ತಳಾಗಿ ಮನೆಯಲ್ಲಿದ್ದಾಗ ಸುಲೋಚನಕ್ಕನ ಫೋನು ಬಂತು. ಅವರಿಗೆ ಹೃದಯದ ಚಿಕಿತ್ಸೆ ಆಗಿತ್ತು. ದನಿ ಮಾತ್ರ ಗಟ್ಟಿಯಾಗಿಯೇ ಇತ್ತು.

“ಗೌರಕ್ಕ, ನಂದೊಂದು ಕೆಲಸ ಮಾಡ್ಕೊಡ್ತೀರಾ? ಅವ್ರನ್ನ ಯಾವ ಮರದ ಬುಡಕ್ಕೆ ಹಾಕಿದ್ರು ಅಂತ ಗೊತ್ತಾಗ್ಬೇಕು. ನಂಗೂ ಟೈಮ್ ಬಂದಾಗ ಅಲ್ಲೇ ಹಾಕ್ಬೇಕು ಅಂತ ಮಗಳ ಹತ್ರ ಹೇಳ್ಬೇಕು. ಮರ ಯಾವ್ದು ಅಂತ್ಲೇ ಗೊತ್ತಿಲ್ದೆ ಎಂಥ ಹೇಳ್ಲಿ?”

ವಿಷಯ ಹೀಗಿತ್ತು. ಬೂದಿ ಹಾಕಿದ ದಿನ ಸುಲೋಚನಕ್ಕ ಗುಡ್ಡ ಹತ್ತಿರಲಿಲ್ಲ, ಹತ್ತುವ ಸ್ಥಿತಿಯಲ್ಲಿರಲಿಲ್ಲ. ಹೂವು ತರಬೇಡಿ, ಗಿಡ ತನ್ನಿ ಎಂದು ಹೇಳಿದ್ದರಿಂದ ಬಂದವರೆಲ್ಲ ಒಂದೊಂದು ಸಸಿ ಹಿಡಿದು ಬಂದಿದ್ದರು. ಜಡಿಮಳೆಯಲ್ಲಿ ಸಾಲಾಗಿ ಎಲ್ಲ ನೆಟ್ಟು ಇಳಿದಿದ್ದರು. ಪದ್ದಣ್ಣನ ಗೆಳೆಯ ಹೆಗ್ಗೋಡಿನ ಗಣಪಣ್ಣ ‘ನೇರಳೆ’ ಎನ್ನುತ್ತಾರೆ. ಪದ್ದಣ್ಣನ ಅಕ್ಕ ಜಲಜಕ್ಕ ‘ಹಲಸು’ ಎನ್ನುತ್ತಾರೆ. ಇಬ್ಬರೂ ಅಲ್ಲೇ ಇದ್ದವರು, ಇಬ್ಬರೂ ಹಟಮಾರಿಗಳು. ಅದೇ ಮಾತಿಗೆ ಮುನಿಸಿಕೊಂಡು ಮಾತು ಬಿಟ್ಟು ವರ್ಷಗಳಾಗಿವೆ.

“ನೀವು ಹೊರಗಿನವ್ರು. ದಾರಿಲಿ ಇಬ್ರನ್ನೂ ಕಂಡು ಬನ್ನಿ. ನಿಮ್ಮತ್ರ ನಿಜ ಹೇಳ್ತಾರೆ” ಎಂದರು ಸುಲೋಚನಕ್ಕ.

ನಾನು ಜೀವಮಾನವಿಡೀ ಕಡೇ ಗಳಿಗೆಯಲ್ಲಿ ಪುಟ ಮುಗಿಸಿದವಳು. ಒಪ್ಪಿಕೊಂಡೆ.

ಸಾಗರ, ಹೆಗ್ಗೋಡು

ಮೊದಲ ಮೋಸ ಮಾಡಿದ್ದು ಮಲೆನಾಡೇ. ನಾನು ಬಂದದ್ದು ಶಿವರಾತ್ರಿ ಮುಗಿದ ಮೇಲೆ. ಸಾಗರದಲ್ಲಿ ಬಸ್ಸಿಳಿದರೆ ಬೆಂಕಿ ಬಿಸಿಲು. ಮಳೆ ಎಲ್ಲಿ, ಮಂಜು ಎಲ್ಲಿ, ಜಿಗಣೆ ಎಲ್ಲಿ? ಕೈಯಲ್ಲಿ ರೇನ್‌ಕೋಟು, ಚೀಲದಲ್ಲಿ ಉಪ್ಪು ಇಟ್ಟುಕೊಂಡು ಬೆವರುತ್ತ ನಿಂತೆ. ಜಿಗಣೆ ಇಲ್ಲವೇ ಎಂದು ಅಂಗಡಿಯವನನ್ನು ಕೇಳಿದರೆ, “ಉಂಬ್ಳ ಬೇಕಿದ್ರೆ ಆಷಾಢದಲ್ಲಿ ಬನ್ನಿ ಅಕ್ಕ, ಬೇಕಾದಷ್ಟು ಕೊಡ್ತೀವಿ” ಎಂದು ನಕ್ಕ. ಆದರೆ ನಮ್ಮ ಬಿಸಿಲಿಗೂ ಇವರ ಬಿಸಿಲಿಗೂ ವ್ಯತ್ಯಾಸವಿದೆ. ಇಂಡಿಯಲ್ಲಿ ಬಿಸಿಲು ಎಂದರೆ ಬಿಸಿಲು, ಓಡಿ ಹೋಗಲಿಕ್ಕೆ ಜಾಗವಿಲ್ಲ. ಇಲ್ಲಿ ನಾಲ್ಕು ಮಾರಿಗೊಂದು ಮರ ನಿಂತು, ಬಾ ಎನ್ನುತ್ತದೆ.

ಗಣಪಣ್ಣ ಹೆಗ್ಗೋಡಿನವರು. ಅಲ್ಲಿನ ನಾಟಕದವರಿಗೆ ಪರದೆ ಬರೆದುಕೊಡುತ್ತಿದ್ದವರು. ಎತ್ತರದ ಆಳು, ಜೋರು ಗಂಟಲು. ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವರ ಹೆಂಡತಿ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದಿಟ್ಟು, “ಆಸ್ರಿಗೆ ಏನು ಮಾಡ್ಲಿ?” ಎಂದರು. ಆಸ್ರಿ ಎಂದರೆ ಬಾಯಾರಿಕೆಗೆ ಕುಡಿಯುವುದು ಎಂದು ಆಮೇಲೆ ತಿಳಿಯಿತು. ನಮ್ಮಲ್ಲಿ ಕೇಳುವ ಪದ್ಧತಿಯೇ ಇಲ್ಲ, ಚಹಾ ತಂದು ಕೈಯಲ್ಲಿ ತುರುಕುತ್ತೇವೆ. ನಾನು ಭಿಡೆಗೆ “ಏನೂ ಬ್ಯಾಡ್ರಿ” ಎಂದೆ. ಆಕೆ ಗಂಡನ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ, “ಹಾಲು ಇದ್ದು, ಮಜ್ಜಿಗೆ ಇದ್ದು, ಚಾಪುಡಿ ಮಾತ್ರ ಇಲ್ಲೆ. ಪಾಪ, ಎಂತ ಕೊಡಕ್ಕು?” ಎಂದು, ಏನು ಕೊಡುವುದೆಂದು ತೋಚದೆ ಕಂಗಾಲಾದರು. ಕಡೆಗೆ ಮಜ್ಜಿಗೆ, ಪಾನಕ, ಹಾಲು ಮೂರೂ ಬಂದವು. ಮೂರನ್ನೂ ಕುಡಿದೆ, ಬೇರೆ ದಾರಿ ಇರಲಿಲ್ಲ.

“ಮರ ಯಾವ್ದು ಅಂತ ಕೇಳಕ್ಕೆ ಬಂದ್ರಾ?” ಎಂದು ಗಣಪಣ್ಣ ತಾವೇ ಶುರು ಮಾಡಿದರು. “ನೇರಳೆ. ನೇರಳೆ ಅಂದ್ರೆ ನೇರಳೆ. ನನ್ನ ಕೈಯಾರೆ ಮಡಕೆ ಬಗ್ಗಿಸಿ ಸುರಿದಿದ್ದು. ಸುರಿವಾಗ ಗೊತ್ತಿದ್ದ ಮಂತ್ರ ಎಲ್ಲ ಹೇಳಿದೀನಿ. ಅಳೂ ಬಂದಿತ್ತು. ಅಷ್ಟೆಲ್ಲ ಮಾಡಿದವನಿಗೆ ಮರ ಮರೆತು ಹೋಗ್ತದಾ ಮೇಡಂ?”

“ಮತ್ತ ಜಲಜಕ್ಕ ಯಾಕ ಅಲ್ಲ ಅಂತಾರ್ರೀ?”

“ಅದನ್ನ ಆ ಮಹಾತಾಯಿನೇ ಕೇಳಿ! ಯಾಕೆ ಅಂದ್ರೆ ಹೇಳಲ್ಲ. ‘ನೇರಳೆ ಅಲ್ಲ’ ಅಂತಾಳೆ, ಬಾಯಿ ಮುಚ್ತಾಳೆ. ನಾನೇನು ಸುಳ್ಳನಾ?”

ಸಿಟ್ಟಿನ ಅಡಿಯಲ್ಲಿ ಅವರ ಕಣ್ಣು ಒದ್ದೆಯಾಗಿತ್ತು. ಎದ್ದು ಒಳಗೆ ಹೋಗಿ ಒಂದು ಮರದ ಹಲಗೆ ತಂದರು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: ‘ಪದ್ದಣ್ಣ ಇಲ್ಲಿದ್ದಾರೆ’. ಮೂಲೆಯಲ್ಲಿ ಪುಟ್ಟ ಹಕ್ಕಿ, ಥೇಟು ಪದ್ದಣ್ಣನ ಹಕ್ಕಿ. “ಇದನ್ನ ನೇರಳೆಗೆ ಕಟ್ಟಿ. ತೆಂಗಿನ ಹಗ್ಗದಲ್ಲಿ ಕಟ್ಬೇಕು. ಮೊಳೆ ಹೊಡೆದ್ರೆ ಅವ ಎದ್ದು ಬಂದು ಬೈತಾನೆ.” ನೀವೂ ಬರ್ರಿ ಎಂದರೆ, ಜಲಜಕ್ಕ ಕಾಲಿಟ್ಟ ಗುಡ್ಡಕ್ಕೆ ತಾನು ಬರುವುದಿಲ್ಲ ಎಂದು ಬಿಟ್ಟರು.

ರಿಪ್ಪನ್‌ಪೇಟೆ

ಆ ಹಲಗೆ ಹೊತ್ತುಕೊಂಡು ಬಸ್ಸು ಹತ್ತಿ ಇಳಿಯುವುದಿದೆಯಲ್ಲ, ಶತ್ರುವಿಗೂ ಬೇಡ. ಅದಕ್ಕೆ ಸುತ್ತಿದ್ದ ಪಂಚೆ ದಾರಿಯಲ್ಲೇ ಬಿಚ್ಚಿಹೋಯಿತು. ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸಬೇಕು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಹಲಗೆಯನ್ನು ಪಕ್ಕಕ್ಕೆ ಒರಗಿಸಿ, ಶಾಂತವ್ವನ ರೊಟ್ಟಿ ಬಿಚ್ಚಿದೆ.

ಅಷ್ಟರಲ್ಲಿ ಒಬ್ಬ ಅಜ್ಜ ಬಂದು ಹಲಗೆ ಓದಿದ. ನನ್ನನ್ನು ನೋಡಿದ. ಮತ್ತೆ ಓದಿದ. ಪಂಚೆ ಮೇಲೆತ್ತಿ ಮೊಣಕಾಲು ತೋರಿಸಿ, “ಮಂಡಿ ನೋವಿಗೂ ಔಷ್ದಿ ಕೊಡ್ತಾರಾ?” ಎಂದ.

“ಯಾರ್ರೀ?”

“ಪದ್ದಣ್ಣ. ಇಲ್ಲಿದ್ದಾರೆ ಅಂತ ಬರ್ದಿದ್ಯಲ್ಲ. ಎಲ್ಲಿದ್ದಾರೆ? ಟೀ ಕುಡಿಯಕ್ಕೆ ಹೋದ್ರಾ?”

ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬಾಕೆ ಸೊಂಟ ಹಿಡಿದುಕೊಂಡು ಅಜ್ಜನ ಹಿಂದೆ ನಿಂತಳು. ಅವಳ ಹಿಂದೆ ಮತ್ತೊಬ್ಬ. ನೋಡುತ್ತ ನೋಡುತ್ತ ಸಾಲೇ ಆಯಿತು. “ಅಯ್ಯ ನಮ್ಮಪ್ಪಗೋಳಿರಾ, ಅವರು ಡಾಕ್ಟರಲ್ರೀ, ಕಾರ್ಟೂನ್ ಬರೀತಿದ್ರು! ತೀರಿಕೊಂಡು ಎಷ್ಟೋ ವರ್ಷ ಆತು!” ಎಂದು ಕೂಗಿದೆ. ಅಜ್ಜ ಗಾಬರಿಯಾಗಿ, “ಮತ್ತೆ ಇಲ್ಲಿದ್ದಾರೆ ಅಂತ ಯಾಕೆ ಬರ್ದಿದೀರಿ?” ಎಂದು ನನಗೇ ಜೋರು ಮಾಡಿದ. ಉತ್ತರ ಹೇಳುವ ಗಡಿಬಿಡಿಯಲ್ಲಿ ನನ್ನ ಬಸ್ಸು ಎದುರಿಗೇ ಹೊರಟುಹೋಯಿತು.

ಕೋಪ ನೆತ್ತಿಗೇರಿತ್ತು. ಆಗ ಸೊಂಟ ನೋವಿನ ಹೆಂಗಸು ಹಲಗೆಯ ಮೂಲೆಯನ್ನು ಬಗ್ಗಿ ನೋಡಿ, “ಹೇ, ಇದು ಪೇಪರಿನ ಹಕ್ಕಿ ಅಲ್ವಾ?” ಎಂದಳು. “ನಮ್ಮಪ್ಪ ದಿನಾ ಬೆಳಿಗ್ಗೆ ನಮ್ಮನ್ನೆಲ್ಲ ಕೂರಿಸ್ಕೊಂಡು ಹಕ್ಕಿ ಹುಡುಕಿಸ್ತಿದ್ರು. ಮೊದ್ಲು ಕಂಡೋರಿಗೆ ಕಾಫಿ ಜಾಸ್ತಿ.” ಅವಳ ಮುಖ ಸಣ್ಣ ಹುಡುಗಿಯ ಮುಖದಂತೆ ಅರಳಿತು. ನನ್ನ ಕೋಪ ಇಳಿದೇ ಹೋಯಿತು. ಆ ಚೌಕಕ್ಕಾಗಿ ನಾನು ಎಷ್ಟು ದಿನ ಹಲ್ಲು ಕಡಿದಿದ್ದೆನೋ, ಅಷ್ಟೂ ದಿನ ಈ ಕಡೆ ಯಾರೋ ಕಾಫಿಗಾಗಿ ಹಕ್ಕಿ ಹುಡುಕುತ್ತಿದ್ದರು! ನನಗೆ ಬಹಳ ಸಂತೋಷವಾಯಿತು. ಅವಳಿಗೂ ಅಜ್ಜನಿಗೂ ರೊಟ್ಟಿ ಕೊಟ್ಟೆ. ಅಜ್ಜ ಮುರಿಯಲು ನೋಡಿ, “ಇದಕ್ಕೆ ಮಂಡಿ ಗಟ್ಟಿ ಆಗೋ ಗುಣ ಇರ್ಬಹುದು” ಎಂದ.

ಮಾಸ್ತಿಕಟ್ಟೆ

ಹೊಸನಗರ ದಾಟಿ, ನಗರ ಎಂಬ ಊರಿನ ಮೇಲೆ ಮಾಸ್ತಿಕಟ್ಟೆಗೆ ಹೋಗುವ ದಾರಿ ಕಾಡೊಳಗಿನ ದಾರಿ. ಬಸ್ಸಿನಲ್ಲಿ ಮಾತಾಡುತ್ತಿದ್ದವರೂ ಅಲ್ಲಿ ದನಿ ತಗ್ಗಿಸಿದರು. ನಾನು ಕಿಟಕಿಗೆ ಮೂಗು ಅಂಟಿಸಿ ಕೂತಿದ್ದೆ. ಕೆಂಪು ಚಿಗುರಿನ ಮರಗಳು ಕಂಡವು. ನಮ್ಮ ಕಡೆ ಎಲೆ ಎಂದರೆ ಹಸಿರು, ಇಲ್ಲವೇ ಒಣಗಿದ್ದು. ಹುಟ್ಟುವಾಗಲೇ ಕೆಂಪಗಿರುವ ಎಲೆಯನ್ನು ನಾನು ಆ ದಿನವೇ ನೋಡಿದ್ದು.

ಜಲಜಕ್ಕನ ಗಂಡ ಅಣೆಕಟ್ಟಿನ ಕೆಲಸದಲ್ಲಿದ್ದು ನಿವೃತ್ತರಾದವರು. ಅಲ್ಲೇ ಸಣ್ಣ ಮನೆ ಕಟ್ಟಿಕೊಂಡಿದ್ದಾರೆ. ನಾನು ಹೋದಾಗ ಜಲಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಲ್ಲಿ ಬದನೆ ಸಸಿ ನೆಡುತ್ತಿದ್ದರು. ಎಪ್ಪತ್ತೈದು ದಾಟಿದ ಜೀವ, ಬೆನ್ನು ಬಾಗಿದ್ದರೂ ಕೈ ಓಡುವುದು ನೋಡಬೇಕು. ಪಕ್ಕದಲ್ಲಿ ಒಂದು ಮಣ್ಣಿನ ಮಡಕೆ. ಗುಂಡಿ ತೆಗೆದು, ಮಡಕೆಗೆ ಕೈ ಹಾಕಿ ಒಂದು ಮುಷ್ಟಿ ಬೂದಿ ತೂರಿ, ಆಮೇಲೆ ಸಸಿ ಇಡುವುದು. ಮಾತು ನನ್ನ ಜೊತೆ, ಕಣ್ಣು ಬೇರೆ ಕಡೆ, ಕೈ ಮಾತ್ರ ತನ್ನಷ್ಟಕ್ಕೆ ಮಡಕೆಗೂ ಗುಂಡಿಗೂ ಓಡಾಡುತ್ತಿತ್ತು.

“ಬೂದಿ ಯಾಕ್ರಿ?” ಎಂದೆ.

“ಬಚ್ಚಲ ಒಲೆದು. ಬೂದಿ ಹಾಕ್ದೆ ಗಿಡ ನೆಡದುಂಟಾ? ನಮ್ಮಮ್ಮ ಕಲ್ಸಿದ್ದು. ಗುಂಡಿ ಕಂಡ್ರೆ ಒಂದು ಮುಷ್ಟಿ ಹಾಕೋದೇ. ನಿಮ್ಮ ಕಡೆ ಹಾಕಲ್ವಾ?”

ನಮ್ಮ ಕಡೆ ಗುಂಡಿ ತೋಡಿದರೆ ಮೊದಲು ನೀರು ಹುಡುಕುತ್ತೇವೆ ಎಂದೆ. ಗಲಗಲ ನಕ್ಕರು. ಸ್ನಾನಕ್ಕೆ ನೀರು ಕಾಯಿಸಿಕೊಟ್ಟರು. ಬಾಳೆಎಲೆ ತುಂಬ ಬಡಿಸಿದರು. ತಮ್ಮನ ಬಾಲ್ಯದ ಕಥೆ ಹೇಳಿದರು: ಮಳೆಗಾಲದಲ್ಲಿ ಅಂಗಳದ ಕಪ್ಪೆಗಳನ್ನು ಯಾರಾದರೂ ತುಳಿದುಬಿಟ್ಟಾರೆಂದು ಪ್ರತಿಯೊಂದನ್ನೂ ಹಿಡಿದು ತಂದು ಅಡುಗೆಮನೆಯಲ್ಲಿ ಬಿಡುತ್ತಿದ್ದನಂತೆ. “ಸಾರಿನ ಪಾತ್ರೆ ಮುಚ್ಚಳ ತೆಗ್ಯಕ್ಕೇ ಹೆದರಿಕೆ ಮಾರಾಯ್ತಿ!” ಇಷ್ಟು ಸರಾಗವಾಗಿ ಮಾತಾಡುವ ಹೆಂಗಸು ಒಂದು ಮರದ ಹೆಸರಿಗೆ ಯಾಕೆ ಜಗಳ ಮಾಡಿದರೋ ತಿಳಿಯಲಿಲ್ಲ.

ಊಟವಾದ ಮೇಲೆ ಹಲಗೆಯನ್ನು ಬಿಚ್ಚಿ ಗೋಡೆಗೆ ಒರಗಿಸಿದೆ. “ಗಣಪಣ್ಣ ನೇರಳೆಗೆ ಕಟ್ಟಲಿಕ್ಕೆ ಕೊಟ್ಟಾರ್ರಿ.”

ಜಲಜಕ್ಕನ ಮುಖದ ಬಣ್ಣವೇ ಹೋಯಿತು. ಅಕ್ಷರದ ಮೇಲೆ ಕೈಯಾಡಿಸಿದರು. ಹಕ್ಕಿಯನ್ನು ಮುಟ್ಟಿದರು. “ನೇರಳೆಗೆ ಕಟ್ಬೇಡಿ” ಎಂದರು. ದನಿಯಲ್ಲಿ ಹಟವಿರಲಿಲ್ಲ, ಅಂಜಿಕೆಯಿತ್ತು. ಯಾಕೆ ಎಂದೆ. ತಲೆಯಾಡಿಸಿದರು. ನಾನು ಸಿಟ್ಟಿನಲ್ಲೇ ಹೇಳಿಬಿಟ್ಟೆ: “ಸುಲೋಚನಕ್ಕಗ ಹೃದಯದ ಆಪರೇಶನ್ ಆಗೇತ್ರಿ. ಗಂಡನ ಮಗ್ಗಲಕ್ಕ ಮಲಗಬೇಕು ಅನ್ನೂದೊಂದ ಆಸೆ ಆಕಿಗೆ. ನೀವಿಬ್ರು ಹಟ ಮಾಡಕೋತ ಕೂತರ ಆಕಿ ಎಲ್ಲಿಗೆ ಹೋಗಬೇಕು?”

ಆಪರೇಶನ್ನಿನ ಸುದ್ದಿ ಅವರಿಗೆ ತಿಳಿದಿರಲಿಲ್ಲ. ಎದ್ದು ಒಳಗೆ ಹೋದರು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಇಸ್ತ್ರಿ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ಕೂತಿದ್ದರು. “ನಾನೂ ಬರ್ತೀನಿ” ಎಂದರು.

ತೀರ್ಥಹಳ್ಳಿ

ಸುಲೋಚನಕ್ಕ ಗಂಡನ ಅಕ್ಕನನ್ನು ನೋಡಿದ ಕೂಡಲೇ “ಅತ್ತಿಗೆ, ಬಂದ್ರಾ!” ಎಂದು ಕೈ ಹಿಡಿದರು. ಅತ್ತಿಗೆ ನೆಲ ನೋಡುತ್ತ ಒಳಗೆ ನಡೆದರು. ತಿಂಡಿಗೆ ಬಿಸಿ ಕಡುಬು, ಎಳೆ ಹಲಸಿನ ಪಲ್ಯ. ನಾನು ಶಾಂತವ್ವನ ರೊಟ್ಟಿ ಕೊಟ್ಟೆ. ಸುಲೋಚನಕ್ಕ ಅದನ್ನು ಹಪ್ಪಳವೆಂದು ತಿಳಿದು ಎಣ್ಣೆ ಕಾಯಿಸಲು ಹೋದರು. ಬೇಡವೆಂದ ಮೇಲೆ ಕಾಫಿಯಲ್ಲಿ ಅದ್ದಿ ತಿಂದರು. “ಚೆನ್ನಾಗಿದೆ” ಎಂದರು, ಎರಡನೆಯದು ಮುಟ್ಟಲಿಲ್ಲ.

ಬಿಸಿಲು ಇಳಿದ ಮೇಲೆ ಮೂವರೂ ಗುಡ್ಡ ಹತ್ತಿದೆವು. ಸುಲೋಚನಕ್ಕ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು, ಜಲಜಕ್ಕ ಅದಕ್ಕಿಂತ ಹೆಚ್ಚು ನಿಲ್ಲುತ್ತಿದ್ದರು. ನಾನು ಹಲಗೆ ಹೊತ್ತು ಹಿಂದೆ. ಬೋಳು ಗುಡ್ಡ ಎಂದು ಕೇಳಿದ್ದೆ, ಬೋಳು ಎಲ್ಲಿ? ಕೆಳಗೆ ಪದ್ದಣ್ಣ ನೆಟ್ಟ ಮರಗಳು ದಟ್ಟವಾಗಿ ನಿಂತಿದ್ದವು. ಅದರ ಮೇಲೆ, ಬಂಡೆಯ ಸುತ್ತ, ಆ ಮಳೆಯ ದಿನ ನೆಟ್ಟ ಸಾಲು: ನೇರಳೆ, ಹಲಸು, ಹೊನ್ನೆ, ಮುರುಗಲು, ರಂಜ, ಸುರಗಿ. ಎಲ್ಲವೂ ಎರಡಾಳೆತ್ತರ. ಸುರಗಿ ಹೂಬಿಟ್ಟಿತ್ತು, ಇಡೀ ಗುಡ್ಡಕ್ಕೆ ಅದರದೇ ಪರಿಮಳ. ಯಾವುದೋ ಹಕ್ಕಿ ಕುಟುರ್ ಕುಟುರ್ ಎಂದು ಬಿಡದೆ ಕೂಗುತ್ತಿತ್ತು.

“ನಾನು ಬೇಸಿಗೇಲಿ ನೇರಳೆಗೂ ಹಲಸಿಗೂ ಎರಡಕ್ಕೂ ನೀರು ಹಾಕ್ತೀನಿ” ಎಂದರು ಸುಲೋಚನಕ್ಕ. “ಯಾವ್ದಾದ್ರೂ ಒಂದ್ರಲ್ಲಿ ಇದ್ದಾರಲ್ಲ.”

ನಾನು ನೇರಳೆಯ ಬುಡದಲ್ಲಿ ಹಲಗೆ ಇಳಿಸಿ ಹಗ್ಗ ಬಿಚ್ಚಿದೆ. ಕಾಂಡಕ್ಕೆ ಒಂದು ಸುತ್ತು ಹಾಕಿದೆನೋ ಇಲ್ಲವೋ, ಜಲಜಕ್ಕ ನನ್ನ ಕೈ ಹಿಡಿದುಕೊಂಡರು.

“ಕಟ್ಬೇಡಿ. ಅದರಲ್ಲಿ ಅವನಿಲ್ಲ. ಅದರಲ್ಲಿರೋದು ಬಚ್ಚಲ ಬೂದಿ.”

ಸುಲೋಚನಕ್ಕ ಬಂಡೆಯ ಮೇಲೆ ಕೂತೇಬಿಟ್ಟರು.

“ಅವತ್ತು ಎರಡು ಮಡಕೆ ತಂದಿದ್ವಿ” ಎಂದರು ಜಲಜಕ್ಕ. “ಒಂದರಲ್ಲಿ ನಮ್ಮ ಪದ್ದು. ಇನ್ನೊಂದರಲ್ಲಿ ಗುಂಡಿಗೆ ಹಾಕಕ್ಕೆ ಅಂತ ಮನೆ ಬಚ್ಚಲ ಬೂದಿ, ನಾನೇ ತುಂಬ್ಕೊಂಡು ಬಂದಿದ್ದು. ಎರಡಕ್ಕೂ ಬಾಳೆಎಲೆ ಮುಚ್ಚಿತ್ತು. ಮಳೆ ಹೊಡೀತಿತ್ತು, ನಾನು ಅಳ್ತಿದ್ದೆ, ಕಣ್ಣೇ ಕಾಣ್ತಿರ್ಲಿಲ್ಲ. ಗಣಪ ಗುಂಡಿ ತೆಗ್ದುಕೊಂಡು ಹೋದ. ನಾನು ಹಿಂದಿಂದ ಕೈಗೆ ಸಿಕ್ಕಿದ ಮಡಕೆ ಹಿಡ್ಕೊಂಡು, ಗುಂಡಿಗೊಂದು ಮುಷ್ಟಿ, ಗುಂಡಿಗೊಂದು ಮುಷ್ಟಿ ಹಾಕ್ತಾ ಹೋದೆ. ಅಭ್ಯಾಸ ನೋಡು, ಕೈ ಕೇಳಲ್ಲ. ನೇರಳೆ ಗುಂಡಿ ಮಾತ್ರ ಪದ್ದೂಗೆ ಅಂತ ಬಿಟ್ಟಿದ್ದೆ. ಕಡೆಗೆ ಗಣಪ ಬಂದು ಉಳಿದ ಮಡಕೆ ಎತ್ತಿ, ಮಂತ್ರ ಹೇಳಿ ನೇರಳೆಗೆ ಸುರಿದ. ಸುರಿವಾಗ ಅದರಿಂದ ಒಂದು ಸುಟ್ಟ ತೆಂಗಿನ ಚಿಪ್ಪು ಬಿತ್ತು. ನಮ್ಮ ಬಚ್ಚಲ ಒಲೆಗೆ ನಾನೇ ಹಾಕಿದ್ದ ಚಿಪ್ಪು.”

ಅಲ್ಲಿಗೆ ಬಿಕ್ಕಿಬಿಕ್ಕಿ ಅತ್ತರು. “ಹೆಂಗೆ ಹೇಳ್ಲಿ ಸುಲೋಚನ? ತಮ್ಮನ್ನ ಗೊಬ್ಬರದ ಹಂಗೆ ಬೀರಿಬಿಟ್ಟೆ ಅಂತ ಹೇಳ್ಲಾ? ನೇರಳೆ ಅಂತ ಒಪ್ಪಿದ್ರೆ ನೀನು ಬಚ್ಚಲ ಬೂದಿಗೆ ಕೈ ಮುಗೀತೀಯ. ಅದಕ್ಕೇ ಹಲಸು ಅಂದೆ. ಹಲಸಿನ ಬುಡದಲ್ಲಿ ಒಂದು ಮುಷ್ಟಿಯಾದ್ರೂ ಇದ್ದಾನಲ್ಲ, ಪೂರ್ತಿ ಸುಳ್ಳಾಗಲ್ಲ ಅಂತ.”

ನನಗೆ ಸುಲೋಚನಕ್ಕನ ಹೃದಯದ್ದೇ ಹೆದರಿಕೆ. ಅವರು ತಲೆ ತಗ್ಗಿಸಿದ್ದರು, ಭುಜ ಅಲುಗುತ್ತಿತ್ತು. ಓಡಿಹೋಗಿ ನೋಡಿದರೆ ನಗುತ್ತಿದ್ದಾರೆ! ತಡೆಯಲಾರದೆ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಾರೆ.

“ಗಣಪಣ್ಣ…” ಎಂದರು, ಉಸಿರು ಸಿಗದೆ. “ಗಣಪಣ್ಣ ಮಂತ್ರ ಹೇಳಿದ್ದು…”

ನನಗೂ ನಗು ಉಕ್ಕಿತು. ಜಲಜಕ್ಕ ಒಂದು ಗಳಿಗೆ ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವಂತೆ ನೋಡಿ, ಅಳುತ್ತಲೇ ನಗತೊಡಗಿದರು. ಗುಡ್ಡದ ಮೇಲೆ ಬಂಡೆ ಹತ್ತಿದರೆ ಮಾತ್ರ ಫೋನಿಗೆ ಸಿಗ್ನಲ್. ಹತ್ತಿ ನಿಂತು ಹೆಗ್ಗೋಡಿಗೆ ಫೋನು ಮಾಡಿ, ಎಲ್ಲ ಹೇಳಿ, ಸ್ಪೀಕರ್ ಹಾಕಿದೆ. ಗಣಪಣ್ಣನ ಗಂಟಲು ಗುಡ್ಡವೆಲ್ಲ ಕೇಳುವಂತೆ ಬಂತು: “ಅಂದ್ರೆ ನಾನು ಅತ್ತಿದ್ದು ತೆಂಗಿನ ಚಿಪ್ಪಿಗಾ?” ಹೊಟ್ಟೆ ಹಿಡಿದು ನಗುವ ಸದ್ದು. “ಅವ ಇದ್ದಿದ್ರೆ ಮೂರು ಕಾಲಂ ಚಿತ್ರ ಬರೀತಿದ್ದ! ಜಲಜಾ, ಕೇಳ್ತಿದ್ದೀಯಾ? ನೀ ಒಬ್ಳು… ನಾಳೆ ಮೊದಲ ಬಸ್ಸಿಗೆ ಬರ್ತೀನಿ, ನಿಂಗಿದೆ. ಮೇಡಂ, ಬೋರ್ಡಿನಲ್ಲಿ ತಪ್ಪಿಲ್ಲ. ಗುಡ್ಡದ ಬಾಗಿಲಿಗೆ ಕಟ್ಟಿ.”

ಫೋನಿಟ್ಟು ತಿರುಗಿದಾಗ ಸುಲೋಚನಕ್ಕ ಎದ್ದು ಮರದಿಂದ ಮರಕ್ಕೆ ಹೋಗುತ್ತಿದ್ದರು. ಹೊನ್ನೆಯನ್ನು ತಡವಿದರು. ಮುರುಗಲಿನ ಎಲೆ ಸವರಿದರು. “ಅಯ್ಯೋ, ನಿಮಗೆಲ್ಲ ಒಂದು ತಂಬಿಗೆ ನೀರೂ ಹಾಕ್ಲಿಲ್ವಲ್ಲ ನಾನು!” ಎಂದು ಗಂಡನನ್ನೇ ಮಾತಾಡಿಸಿದ ಹಾಗೆ ಪೇಚಾಡಿದರು. ಹೂಬಿಟ್ಟ ಸುರಗಿಯ ಕೆಳಗೆ ಬಹಳ ಹೊತ್ತು ನಿಂತರು. ಆ ಮುಖದಲ್ಲಿ ಅಂಥ ಸುಖವನ್ನು ನಾನು ಪದ್ದಣ್ಣ ಇದ್ದಾಗಲೂ ನೋಡಿರಲಿಲ್ಲ.

ಜಲಜಕ್ಕ ಹತ್ತಿರ ಹೋಗಿ, “ಆದ್ರೆ ನಿಂಗೆ ಬೇಕಾಗಿದ್ದು ಒಂದು ಜಾಗ ಅಲ್ವಾ? ಅವನ ಪಕ್ಕ. ಈಗ ಮಗಳಿಗೆ ಯಾವ ಮರ ಅಂತ ಹೇಳ್ತೀಯ?” ಎಂದರು ಅಪರಾಧಿಯ ದನಿಯಲ್ಲಿ.

“ಮಗಳಿಗೆ ಯಾಕೆ ಹೇಳ್ಲಿ?” ಸುಲೋಚನಕ್ಕ ಅತ್ತಿಗೆಯ ಬಲಗೈ ಹಿಡಿದು ಅಂಗೈ ಬಿಡಿಸಿದರು. ಬದನೆ ಸಸಿ ನೆಟ್ಟ ಮಣ್ಣು ಉಗುರಸಂದಿಯಲ್ಲಿ ಇನ್ನೂ ಇತ್ತು. “ನಿಮ್ಗೇ ಹೇಳ್ತೀನಿ. ನನ್ನ ಮಡಕೆ ನಿಮ್ಮ ಕೈಗೇ ಕೊಡ್ತಾರೆ. ಹಂಗೇ, ಬುಡಕ್ಕೊಂದು ಮುಷ್ಟಿ. ಒಂದು ಮರನೂ ಬಿಡಬಾರ್ದು.”

“ಎಂಥ ಮಾತಾಡ್ತೀಯೇ! ನಾನು ನಿನಗಿಂತ ಎಷ್ಟು ದೊಡ್ಡವಳು. ಮೊದ್ಲು ಹೋಗೋದು ನಾನು.”

“ಆ ಕತೆ ಬೇಡ” ಎಂದರು ಸುಲೋಚನಕ್ಕ. “ನನ್ನ ಕೆಲಸ ಮುಗಿಸ್ದೆ ನೀವು ಎಲ್ಲಿಗೂ ಹೋಗಂಗಿಲ್ಲ ಅತ್ತಿಗೆ.”